ಪಟ್ಟ ತೀರ್ಮಾನವಾಗುವ ಕೊನೆಯ ರೇಸ್: ಅಂಕದ ಲೆಕ್ಕ, ತಣ್ಣನೆಯ ಟಯರ್ ಮತ್ತು 1.80 ಬಾರ್

ಮೂರನೇ_ಗೇರ್

2024ರ ಮೋಟೋಜಿಪಿ (ಬೈಕ್ ರೇಸ್ ವಿಶ್ವ ಚಾಂಪಿಯನ್‌ಶಿಪ್) ಸೀಸನ್ ಮುಗಿಸಿದ ಬಾರ್ಸಿಲೋನಾ ರೇಸ್ ಬಗ್ಗೆ ಬೇರೆ ಬೇರೆ ಚರ್ಚೆಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುತ್ತಿದೆ: "ಹೋರ್ಹೆ ಮಾರ್ಟಿನ್ ಮೂರನೇ ಸ್ಥಾನಕ್ಕೆ ತೃಪ್ತಿಪಟ್ಟ, ಸುರಕ್ಷಿತವಾಗಿ ಓಡಿಸಿ ಪಟ್ಟ ಹೊಡೆದ." ನನಗೆ ಈ ಮಾತು ಒಪ್ಪಿಗೆಯಿಲ್ಲ. ಬೇರೆಯವರ ಹಿಂದೆ ಮೂರನೆಯವನಾಗಿ 24 ಸುತ್ತು ಓಡಿಸುವುದು ಮುಂದೆ ಒಬ್ಬನೇ ಹೋಗುವುದಕ್ಕಿಂತ ಮುಂದಿನ ಟಯರ್‌ಗೆ ಕಷ್ಟದ ಕೆಲಸ. ಕೊನೆಯ ರೇಸ್‌ನಲ್ಲಿ ಅಂಕದ ಲೆಕ್ಕವೂ ಟಯರ್ ಒತ್ತಡದ ಲೆಕ್ಕವೂ ಬೇರೆ ಬೇರೆಯಲ್ಲ. ಎಷ್ಟನೇ ಸ್ಥಾನ ಸಾಕು ಅನ್ನುವುದರ ಮೇಲೆ ಯಾರ ಹಿಂದೆ ಓಡಿಸಬೇಕಾಗುತ್ತದೆ ಅನ್ನುವುದು, ಅದರ ಮೇಲೆ ಶುರುವಿನ ಒತ್ತಡ ಎಷ್ಟಿರಬೇಕು ಅನ್ನುವುದು ನಿಂತಿದೆ.

ಹಿನ್ನೆಲೆ ಗೊತ್ತಿಲ್ಲದವರಿಗೆ: ಕೊನೆಯ ರೌಂಡ್ ವೆಲೆನ್ಸಿಯಾ ಬಳಿಯ ಚೆಸ್ತೆಯಲ್ಲಿ ನಡೆಯಬೇಕಿತ್ತು. ಅಕ್ಟೋಬರ್ 29ರ ಭೀಕರ ಪ್ರವಾಹದ ನಂತರ ಅದನ್ನು ರದ್ದು ಮಾಡಿ, ನವೆಂಬರ್ 15ರಿಂದ 17ರವರೆಗೆ ಬಾರ್ಸಿಲೋನಾದ ಕ್ಯಾಟಲುನ್ಯಾ ಟ್ರ್ಯಾಕ್‌ನಲ್ಲಿ 'ಸಾಲಿಡಾರಿಟಿ ಗ್ರ್ಯಾನ್ ಪ್ರಿ' ಎಂದು ನಡೆಸಿದರು. ಅಲ್ಲಿಗೆ ಬರುವಾಗ ಮಾರ್ಟಿನ್‌ಗೆ 485 ಅಂಕ, ಪಟ್ಟಕ್ಕೆ ಅವನ ಎದುರಾಳಿ ಫ್ರಾನ್ಸೆಸ್ಕೊ ಬಾನ್ಯಾಯನಿಗೆ 461. ಶನಿವಾರದ ಸ್ಪ್ರಿಂಟ್‌ನಲ್ಲಿ (ಅರ್ಧ ದೂರದ ಚಿಕ್ಕ ರೇಸ್) ಬಾನ್ಯಾಯ ಗೆದ್ದು 12 ಅಂಕ, ಮಾರ್ಟಿನ್ ಮೂರನೆಯವನಾಗಿ 7. ಭಾನುವಾರ ಬೆಳಿಗ್ಗೆ ಅಂತರ 19.

---

ಲೆಕ್ಕದ_ಪಟ್ಟಿ

ಆ 19ನ್ನು ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಎಷ್ಟನೇ ಸ್ಥಾನ ಸಾಕಿತ್ತು ಅನ್ನುವುದನ್ನೇ ತಪ್ಪು ಹೇಳುತ್ತೇವೆ.

ಭಾನುವಾರದ ರೇಸ್‌ಗೆ ಅಂಕ 25, 20, 16, 13, 11, ಆಮೇಲೆ ಆರನೆಯವನಿಗೆ 10ರಿಂದ ಒಂದೊಂದೇ ಇಳಿದು ಹದಿನೈದನೆಯವನಿಗೆ 1. ಸ್ಪ್ರಿಂಟ್‌ಗೆ 12, 9, 7, 6, 5, 4, 3, 2, 1. ಒಂದು ವಾರಾಂತ್ಯದಲ್ಲಿ ಹೆಚ್ಚೆಂದರೆ 37 ಅಂಕ. 24ರ ಮುನ್ನಡೆ ಇದ್ದರೂ ಮಾರ್ಟಿನ್ ಶುಕ್ರವಾರ ನೆಮ್ಮದಿಯಾಗಿರಲಿಲ್ಲ ಅನ್ನುವುದಕ್ಕೆ ಇದೇ ಕಾರಣ.

ಭಾನುವಾರ ಬಾನ್ಯಾಯ ಗೆದ್ದರೆ ಅವನ ಮೊತ್ತ 473ಕ್ಕೆ 25 ಸೇರಿ 498. ಮಾರ್ಟಿನ್‌ದು 492. ಹತ್ತನೇ ಸ್ಥಾನ ಬಂದರೆ 6 ಅಂಕ ಸಿಕ್ಕಿ ಅವನದೂ 498. ಆದರೆ ಸಮ ಆದರೆ ಗೆಲುವುಗಳನ್ನು ಎಣಿಸುತ್ತಾರೆ, ಬಾನ್ಯಾಯನಿಗೆ ಆ ದಿನದ್ದೂ ಸೇರಿ 11, ಮಾರ್ಟಿನ್‌ಗೆ 3. ಆದ್ದರಿಂದ ಹತ್ತನೆಯದು ಸಾಲದು, ಒಂಬತ್ತನೆಯದು ಬೇಕು. ಕೊನೆಗೆ ಬಂದದ್ದು ಮೂರನೆಯದು: 508 ಮತ್ತು 498.

ಸಮ ಅಂಕದ ನಿಯಮ ಮರೆತರೆ ಪ್ರತಿ ಸಲವೂ ಒಂದು ಸ್ಥಾನ ತಪ್ಪುತ್ತದೆ. 2022ರ ವೆಲೆನ್ಸಿಯಾದಲ್ಲಿ ಅದೇ ನಿಯಮ ಬಾನ್ಯಾಯನ ಪರವಾಗಿತ್ತು. ಅವನದು 258, ಫಾಬಿಯೊ ಕ್ವಾರ್ಟರಾರೊ 235. ಕ್ವಾರ್ಟರಾರೊ ಗೆದ್ದರೆ 260. ಬಾನ್ಯಾಯ ಹದಿನಾಲ್ಕನೆಯವನಾದರೆ 2 ಅಂಕ ಸಿಕ್ಕಿ ಅವನದೂ 260, ಗೆಲುವುಗಳಲ್ಲಿ ಅವನು ಮುಂದೆ. ಹದಿನಾಲ್ಕು ಸಾಕು. ಬಂದದ್ದು ಒಂಬತ್ತನೆಯದು.

---

ಹುಬ್ಳಿ_ಎಪೆಕ್ಸ್

ಲೆಕ್ಕ ಎಲ್ಲಾ ಖರೆ. ಆದ್ರ ಒಂಬತ್ತನೇದು ಸಾಕು ಅಂತ ಯಾವ ರೈಡರೂ ಒಂಬತ್ತನೇ ಜಾಗಾದಾಗ ಓಡಸಂಗಿಲ್ಲ. ಅಲ್ಲಿ ಸುತ್ತಮುತ್ತ ಇರೋರಿಗೆ ಪಟ್ಟದ ಚಿಂತಿ ಇರಂಗಿಲ್ಲ, ಸೀಸನ್ ಕೊನೀ ರೇಸ್ ಅಂದ್ರ ಕಳಕೊಳ್ಳೂದು ಏನೂ ಇಲ್ಲ. ಒಳಗ ನುಗ್ಗತಾರ. ಅದಕ್ಕ ಮಾರ್ಟಿನ್ ಮುಂದಿನ ಮೂರು ಮಂದ್ಯಾಗ ಇದ್ದದ್ದೇ ಶಾಣ್ಯಾತನ.

2022ರಾಗ ಬಾನ್ಯಾಯಗ ಆಗಿದ್ದು ನೋಡ್ರಿ. ಎರಡನೇ ಸುತ್ತಿನಾಗ ಕ್ವಾರ್ಟರಾರೊ ಜೋಡಿ ತಾಗಿ ಬೈಕ್ ಮುಂಭಾಗದ ಒಂದು ಪುಟ್ಟ ರೆಕ್ಕಿ ಹಾರಿಹೋತು. ರೆಕ್ಕಿ ಹೋದ್ರ ಮುಂದಿನ ಗಾಲಿ ಮ್ಯಾಲಿನ ಗಾಳಿ ಭಾರ ಕಡಿಮಿ ಆಗತದ, ಥ್ರಾಟಲ್ ಕೊಟ್ಟಾಗ ಮೂತಿ ಎತ್ತತದ, ಎಲೆಕ್ಟ್ರಾನಿಕ್ಸ್ ಅದನ್ನ ತಡಿಯಾಕ ಪವರ್ ಕಟ್ ಮಾಡತದ. ಹಂಗಾಗಿ ನೇರ ಹಾದ್ಯಾಗೂ ನಷ್ಟ, ಬ್ರೇಕಿಂಗ್‌ನಾಗೂ ನಷ್ಟ. ಹಿಂದ್ ಹಿಂದ್ ಸರಕೋತ ಒಂಬತ್ತಕ್ಕ ಬಂದು ನಿಂತ. 23 ಅಂಕದ ಅಂತರ ಇತ್ತು ಅಂತ ಉಳದ.

---

ಒತ್ತಡ_ಮಾಪಕ

ಮೂಲ ವಿಷಯಕ್ಕೆ ಬರೋಣ, ಮುಂದಿನ ಟಯರ್ ಒತ್ತಡ. ಎರಡು ಸೀಸನ್‌ಗಳ ನಿಯಮ ಬೆರೆಸಿ ಮಾತಾಡುವವರೇ ಹೆಚ್ಚು, ಆದ್ದರಿಂದ ವಿವರವಾಗಿ ಬರೆಯುತ್ತೇನೆ.

2023ರ ಸಿಲ್ವರ್‌ಸ್ಟೋನ್ ರೇಸ್‌ನಿಂದ ಕನಿಷ್ಠ ಒತ್ತಡದ ನಿಯಮಕ್ಕೆ ಶಿಕ್ಷೆ ಜಾರಿಗೆ ಬಂತು. ಆಗ ಮುಂದಿನ ಟಯರ್‌ಗೆ ಕನಿಷ್ಠ 1.88 ಬಾರ್ (ಒತ್ತಡದ ಅಳತೆ), ಭಾನುವಾರದ ರೇಸ್‌ನ ಅರ್ಧದಷ್ಟು ಸುತ್ತುಗಳಲ್ಲಿ ಅದಕ್ಕಿಂತ ಮೇಲಿರಬೇಕು. 2024ಕ್ಕೆ ಮಿತಿಯನ್ನು 1.80 ಬಾರ್‌ಗೆ ಇಳಿಸಿದರು, ಆದರೆ ಸುತ್ತುಗಳ ಪಾಲನ್ನು 60 ಶೇಕಡಾಕ್ಕೆ ಏರಿಸಿದರು. ಸ್ಪ್ರಿಂಟ್‌ನಲ್ಲಿ 30 ಶೇಕಡಾ. ಬಾರ್ಸಿಲೋನಾದ 24 ಸುತ್ತಿನಲ್ಲಿ ಅಂದರೆ 15 ಸುತ್ತು, 12 ಸುತ್ತಿನ ಸ್ಪ್ರಿಂಟ್‌ನಲ್ಲಿ 4 ಸುತ್ತು. ತಪ್ಪಿದರೆ ಭಾನುವಾರ 16 ಸೆಕೆಂಡ್, ಸ್ಪ್ರಿಂಟ್‌ನಲ್ಲಿ 8 ಸೆಕೆಂಡ್ ಸೇರಿಸುತ್ತಾರೆ. 16 ಸೆಕೆಂಡ್ ಸೇರಿದರೆ ಮೂರನೆಯವನು ಎಲ್ಲಿಗೆ ಬೀಳುತ್ತಾನೆ ಎಂದು ಯಾವುದೇ ರೇಸ್‌ನ ಫಲಿತಾಂಶದ ಹಾಳೆ ಇಟ್ಟುಕೊಂಡು ಎಣಿಸಿ ನೋಡಿ. ಪಟ್ಟವೇ ಕೈತಪ್ಪಬಹುದಾದ ದೂರ ಅದು.

ಇನ್ನು ಭೌತಶಾಸ್ತ್ರ. ಟಯರ್ ಒಳಗಿನ ಗಾಳಿಯ ಒತ್ತಡ ಅದರ ನಿರಪೇಕ್ಷ ತಾಪಕ್ಕೆ ಅನುಗುಣವಾಗಿ ಏರುತ್ತದೆ. ಮಾಪಕದಲ್ಲಿ 1.80 ಅಂದರೆ ವಾಯುಮಂಡಲದ ಒತ್ತಡ ಸೇರಿ ಸುಮಾರು 2.81 ಬಾರ್. ಒಳಗಿನ ಗಾಳಿ 100 ಡಿಗ್ರಿ ಸೆಲ್ಸಿಯಸ್, ಅಂದರೆ 373 ಕೆಲ್ವಿನ್ ಇದೆ ಎಂದಿಟ್ಟುಕೊಳ್ಳಿ. ಆಗ 10 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 0.075 ಬಾರ್. ಗಾಳಿಯಲ್ಲಿ ತೇವ ಇದ್ದರೆ ಏರಿಕೆ ಇನ್ನೂ ಹೆಚ್ಚು, ಅದೂ ಸಮನಾಗಿ ಏರುವುದಿಲ್ಲ. ಅದಕ್ಕೇ ಒಣ ಗಾಳಿ ತುಂಬುತ್ತಾರೆ.

ಮುಂದೆ ಒಬ್ಬನೇ ಹೋಗುವವನಿಗೆ ತಂಪು ಗಾಳಿ ನೇರವಾಗಿ ಟಯರ್‌ಗೂ ಬ್ರೇಕ್‌ಗೂ ಬಡಿಯುತ್ತದೆ, ಒತ್ತಡ ಇಳಿಯುತ್ತದೆ. ಹಿಂದೆ ಅಂಟಿಕೊಂಡು ಹೋಗುವವನಿಗೆ ಮುಂದಿನ ಬೈಕ್‌ನ ಎಂಜಿನ್ ಬಿಸಿ, ಎಗ್ಸಾಸ್ಟ್ ಬಿಸಿ, ಕಲಕಿದ ಗಾಳಿ. ಕಾರ್ಬನ್ ಡಿಸ್ಕ್ ತಣ್ಣಗಾಗುವುದಿಲ್ಲ, ಆ ಶಾಖ ರಿಮ್ ಮೂಲಕ ಟಯರ್‌ಗೆ ಹೋಗುತ್ತದೆ. ಒತ್ತಡ ಮೇಲೇರಿದಷ್ಟೂ ಟಯರ್ ಬಲೂನಿನಂತೆ ಗಟ್ಟಿಯಾಗಿ, ರಸ್ತೆಗೆ ತಾಗುವ ಭಾಗ ಚಿಕ್ಕದಾಗುತ್ತದೆ. ಗಟ್ಟಿ ಬ್ರೇಕ್ ಹಿಡಿದಾಗ ಮುಂದಿನ ಗಾಲಿ ಲಾಕ್ ಆಗುವುದು ಆಗಲೇ.

ಆದ್ದರಿಂದ ಸಿಬ್ಬಂದಿ ಗ್ರಿಡ್‌ನಲ್ಲೇ (ಬೈಕ್‌ಗಳು ಶುರುವಿಗೆ ಸಾಲಾಗಿ ನಿಲ್ಲುವ ಜಾಗ) ಊಹಿಸಬೇಕು: ನಮ್ಮ ರೈಡರ್ ಇವತ್ತು ಎಲ್ಲಿರುತ್ತಾನೆ? ಮುಂದೆ ಇರುತ್ತಾನೆಂದು ಊಹಿಸಿದರೆ ಶುರುವಿನ ಒತ್ತಡ ಹೆಚ್ಚಿಡಬೇಕು, ಇಲ್ಲದಿದ್ದರೆ 1.80ರ ಕೆಳಗೆ ಜಾರುತ್ತದೆ. ಆಮೇಲೆ ಅವನು ಗುಂಪಿನಲ್ಲಿ ಸಿಕ್ಕಿಹಾಕಿಕೊಂಡರೆ ಅದೇ ಹೆಚ್ಚಿನ ಒತ್ತಡ ಅವನನ್ನು ಬೀಳಿಸುತ್ತದೆ. ಗೆಲ್ಲಲೇಬೇಕಿದ್ದ ಬಾನ್ಯಾಯನಿಗೆ ಉತ್ತರ ಸುಲಭ, ಅವನು ಮುಂದಿರಬೇಕು, ಅಷ್ಟೇ. ಒಂದರಿಂದ ಒಂಬತ್ತರವರೆಗೆ ಎಲ್ಲಿ ಬೇಕಾದರೂ ಇರಬಹುದಾಗಿದ್ದ ಮಾರ್ಟಿನ್‌ನ ತಂಡಕ್ಕೆ ಅದು ನಿಜವಾಗಿ ಕಠಿಣ ಪ್ರಶ್ನೆ.

---

ಮೂರನೇ_ಗೇರ್

ಇದೇ ನಾನು ಹೇಳಬೇಕೆಂದಿದ್ದು. ಹಿಂದೆ ಹೋದರೆ ಒತ್ತಡ ಏರುತ್ತದೆ ಅನ್ನುವುದಕ್ಕೆ ಎಲ್ಲರೂ ಕಣ್ಣಾರೆ ಕಂಡ ಉದಾಹರಣೆ 2025ರ ಮೊದಲ ರೇಸ್, ಥಾಯ್ಲೆಂಡ್‌ನ ಬುರಿರಾಮ್. ಮುಂದಿದ್ದ ಮಾರ್ಕ್ ಮಾರ್ಕೆಜ್ ಏಳನೇ ಸುತ್ತಿನಲ್ಲಿ ತಾನೇ ವೇಗ ಇಳಿಸಿ ತಮ್ಮ ಅಲೆಕ್ಸ್‌ನನ್ನು ಮುಂದೆ ಬಿಟ್ಟ. ಒತ್ತಡ ಮಿತಿಯ ಕೆಳಗಿತ್ತು. ಅಲೆಕ್ಸ್‌ನ ಹಿಂದೆ ಬೇಕಾದಷ್ಟು ಸುತ್ತು ಕಳೆದು, ಕೊನೆಯಲ್ಲಿ ಮತ್ತೆ ದಾಟಿ ಗೆದ್ದ.

2023ರ ವೆಲೆನ್ಸಿಯಾದಲ್ಲಿ ಫಾಬಿಯೊ ಡಿ ಜಿಯಾನಾಂಟೋನಿಯೊ ಎರಡನೆಯವನಾಗಿ ಮುಗಿಸಿಯೂ ಒತ್ತಡದ ಕಾರಣಕ್ಕೆ 3 ಸೆಕೆಂಡ್ ಸೇರಿ ನಾಲ್ಕನೆಯವನಾದದ್ದೂ ನೆನಪಿರಲಿ. ಆಗ ಶಿಕ್ಷೆ ಚಿಕ್ಕದಿತ್ತು.

---

ಎಡ_ಭುಜ

ಒತ್ತಡ ಒಂದು ಕಡೆ, ಟಯರ್‌ನ ಎಡ-ಬಲ ತಾಪ ಇನ್ನೊಂದು ಕಡೆ. ನವೆಂಬರ್‌ನಲ್ಲಿ ಸ್ಪೇನ್‌ನಲ್ಲಿ ರೇಸ್ ಇಟ್ಟರೆ ಎರಡನೆಯದೇ ಹೆಚ್ಚು ಜನರನ್ನು ಬೀಳಿಸುತ್ತದೆ.

ಕ್ಯಾಟಲುನ್ಯಾ 4.657 ಕಿ.ಮೀ., 14 ತಿರುವು, 8 ಬಲ, 6 ಎಡ. ಎರಡನೇ ತಿರುವು ಎಡ. ಆಮೇಲೆ ಮೂರು ಮತ್ತು ನಾಲ್ಕು ಉದ್ದನೆಯ ಬಲ ತಿರುವುಗಳು, ಬೈಕ್ ಬಹಳ ಹೊತ್ತು ಬಲಕ್ಕೇ ವಾಲಿರುತ್ತದೆ. ಆ ಹೊತ್ತಿನಲ್ಲಿ ಟಯರ್‌ನ ಎಡ ಭುಜ (ಎಡ ಅಂಚಿನ ಭಾಗ) ರಸ್ತೆಯನ್ನೇ ಮುಟ್ಟುವುದಿಲ್ಲ, ಗಾಳಿಗೆ ತಣ್ಣಗಾಗುತ್ತದೆ. ತಕ್ಷಣ ಇಳಿಜಾರಿನಲ್ಲಿ ಐದನೇ ತಿರುವು, ಎಡ, ನಿಧಾನದ್ದು. ಇಳಿಜಾರಾದ್ದರಿಂದ ಭಾರವೆಲ್ಲ ಮುಂದಕ್ಕೆ. ಬ್ರೇಕ್ ಬಿಡುತ್ತಾ ಎಡಕ್ಕೆ ವಾಲಿಸಿದ ಕ್ಷಣದಲ್ಲೇ ಮುಂದಿನ ಗಾಲಿ ಮಡಚಿಕೊಳ್ಳುತ್ತದೆ. 2024ರ ಮೇ ತಿಂಗಳಲ್ಲಿ ಇಲ್ಲೇ ನಡೆದ ಸ್ಪ್ರಿಂಟ್‌ನಲ್ಲಿ ಬಾನ್ಯಾಯ ಮುನ್ನಡೆಯಲ್ಲಿದ್ದು ಕೊನೆಯ ಸುತ್ತಿನಲ್ಲಿ ಬಿದ್ದದ್ದು ಇದೇ ಐದನೇ ತಿರುವಿನಲ್ಲಿ. ಮೇ ತಿಂಗಳ ಬಿಸಿಲಿನಲ್ಲೇ ಹಾಗಾದರೆ ನವೆಂಬರ್‌ನಲ್ಲಿ ಹೇಗಿರಬೇಕು?

ಬಾರ್ಸಿಲೋನಾಗೆ ಸ್ಥಳಾಂತರಿಸಿದಾಗ ಹಲವರು "ಟ್ರ್ಯಾಕ್ ಬದಲಾದರೂ ಕಷ್ಟ ಅದೇ" ಅಂದರು. ಕಷ್ಟ ಅದೇ ಜಾತಿಯದು, ಆದರೆ ಬದಿ ಅದಲುಬದಲು. ಚೆಸ್ತೆಯ ರಿಕಾರ್ಡೊ ಟೋರ್ಮೊ ಟ್ರ್ಯಾಕ್ ಅಪ್ರದಕ್ಷಿಣ ದಿಕ್ಕಿನದು. 4.005 ಕಿ.ಮೀ., 9 ಎಡ, 5 ಬಲ. ಅಲ್ಲಿ ತಣ್ಣಗಾಗುವುದು ಬಲ ಭುಜ. ಕೊನೆಯ ಎರಡು ತಿರುವು 13, 14 ಎಡ, ಆಮೇಲೆ 876 ಮೀಟರ್ ನೇರ ಹಾದಿ, ಒಂದು ಮತ್ತು ಎರಡನೇ ತಿರುವೂ ಎಡ. ನಾಲ್ಕನೇ ತಿರುವು ಬಲ. ಅಷ್ಟು ಹೊತ್ತು ಬಲ ಭುಜಕ್ಕೆ ಕೆಲಸವೇ ಇಲ್ಲ. ಆದ್ದರಿಂದ ಟಯರ್ ಪೂರೈಸುವ ಮಿಶೆಲಿನ್ ವೆಲೆನ್ಸಿಯಾಗೆ ಎಡ ಭುಜ ಗಟ್ಟಿ, ಬಲ ಭುಜ ಮೃದು ಇರುವ ಅಸಮ ಹಿಂದಿನ ಟಯರ್ ತರುತ್ತದೆ. ಬಾರ್ಸಿಲೋನಾಗೆ ಬಲ ಭುಜ ಗಟ್ಟಿ. ವೆಲೆನ್ಸಿಯಾದ ಹಳೆಯ ದತ್ತಾಂಶ ಇಟ್ಟುಕೊಂಡು ಬಂದ ತಂಡಕ್ಕೆ ಅಲ್ಲಿ ಏನೂ ಉಪಯೋಗವಿಲ್ಲ, ಮೇ ತಿಂಗಳ ದತ್ತಾಂಶವೂ ಅರ್ಧ ಮಾತ್ರ ಉಪಯೋಗ.

ಒಂದು ಗಮನಿಸಿ: ವಾರ್ಮ್‌ಅಪ್ ಸುತ್ತಿನಲ್ಲಿ ಬೈಕನ್ನು ಎಡಕ್ಕೆ ಬಲಕ್ಕೆ ಓಲಾಡಿಸಿದರೆ ಟಯರ್ ಬಿಸಿಯಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕಾರ್‌ಗೆ ಅದು ಸರಿ. ಬೈಕ್‌ನಲ್ಲಿ ಟಯರ್‌ನ ಒಡಲು ಬಿಸಿಯಾಗುವುದು ಅದು ಬಾಗಿ ಹಿಗ್ಗಿದಾಗ, ಅಂದರೆ ನೇರವಾಗಿರುವಾಗ ಗಟ್ಟಿಯಾಗಿ ಬ್ರೇಕ್ ಹಿಡಿದು ಗಟ್ಟಿಯಾಗಿ ಥ್ರಾಟಲ್ ಕೊಟ್ಟಾಗ. ವಾರ್ಮ್‌ಅಪ್ ಸುತ್ತಿನಲ್ಲಿ ಅವರು ಅದನ್ನೇ ಮಾಡುತ್ತಾರೆ, ನೋಡಿ.

---

ಪೆಟ್ರೋಲ್_ತೂಕ

ಮೊದಲ ಸುತ್ತುಗಳ ಅಪಾಯಕ್ಕೆ ಇನ್ನೊಂದು ಕಾರಣ ಸೇರಿಸುತ್ತೇನೆ, ಇಂಧನ. ಭಾನುವಾರದ ರೇಸ್‌ಗೆ ಹೆಚ್ಚೆಂದರೆ 22 ಲೀಟರ್, ಸ್ಪ್ರಿಂಟ್‌ಗೆ 12. ಬಾರ್ಸಿಲೋನಾದ 24 ಸುತ್ತು ಅಂದರೆ ಸುಮಾರು 111.8 ಕಿ.ಮೀ. ಪೂರ್ತಿ ತುಂಬಿದರೆ ಲೀಟರ್‌ಗೆ ಸುಮಾರು ಐದು ಕಿ.ಮೀ. ಬರಲೇಬೇಕು. ಪೆಟ್ರೋಲ್ ಲೀಟರ್‌ಗೆ ಮುಕ್ಕಾಲು ಕಿಲೊ ಹಿಡಿದರೆ 22 ಲೀಟರ್ ಸುಮಾರು 16.5 ಕಿಲೊ. ಬೈಕ್‌ನ ಕನಿಷ್ಠ ತೂಕವೇ 157 ಕಿಲೊ ಇರುವಾಗ ಇದು ಶೇಕಡಾ ಹತ್ತಕ್ಕಿಂತ ಹೆಚ್ಚು. ಸ್ಪ್ರಿಂಟ್‌ಗೆ ಹೋಲಿಸಿದರೆ ಭಾನುವಾರದ ಮೊದಲ ಬ್ರೇಕಿಂಗ್‌ನಲ್ಲಿ ಬೈಕ್ ಸುಮಾರು 7.5 ಕಿಲೊ ಹೆಚ್ಚು ಭಾರ, ಅದರ ಬಹುಪಾಲು ಮುಂದಿನ ಗಾಲಿಯ ಮೇಲೆ ಬೀಳುತ್ತದೆ. ಶನಿವಾರ ಹಿಡಿದ ಗುರುತಿನಲ್ಲೇ ಭಾನುವಾರ ಬ್ರೇಕ್ ಹಿಡಿದರೆ ಒಂದನೇ ತಿರುವಿನಲ್ಲಿ ಬೈಕ್ ನಿಲ್ಲುವುದಿಲ್ಲ.

ಕಾರ್ಬನ್ ಬ್ರೇಕ್ ಸುಮಾರು 250 ಡಿಗ್ರಿಯ ಕೆಳಗೆ ಸರಿಯಾಗಿ ಹಿಡಿಯುವುದಿಲ್ಲ ಅನ್ನುವುದನ್ನೂ ಇದಕ್ಕೆ ಸೇರಿಸಿ. ಗ್ರಿಡ್‌ನಲ್ಲಿ ಕಾಯುವಾಗ ಡಿಸ್ಕ್ ತಣ್ಣಗಾಗುತ್ತದೆ, ಒಂದನೇ ತಿರುವಿಗೆ ಮುಂಚೆ ಅದನ್ನು ಬಿಸಿ ಮಾಡುವ ಅವಕಾಶವೇ ಇಲ್ಲ. ಶುರುವಿನಲ್ಲಿ ಬೈಕ್‌ನ ಮೂತಿ ಎತ್ತದಂತೆ ತಡೆಯುವ ಹೋಲ್‌ಶಾಟ್ ಸಾಧನ ಮುಂದಿನ ಫೋರ್ಕನ್ನು ಕೆಳಗೆ ಹಿಡಿದಿಟ್ಟಿರುತ್ತದೆ, ಅದು ಬಿಡುಗಡೆಯಾಗುವುದೂ ಅದೇ ಮೊದಲ ಬ್ರೇಕಿಂಗ್‌ನಲ್ಲಿ. ತಣ್ಣನೆಯ ಡಿಸ್ಕ್, ತುಂಬಿದ ಟ್ಯಾಂಕ್, ಕುಗ್ಗಿ ನಿಂತ ಫೋರ್ಕ್, ಸುತ್ತ ಇಪ್ಪತ್ತು ಬೈಕ್, ಎಲ್ಲವೂ ಒಂದೇ ಜಾಗದಲ್ಲಿ. ಪಟ್ಟಕ್ಕೆ ಹೋರಾಡುವವನು ಗ್ರಿಡ್‌ನ ಮೊದಲ ಎರಡು ಸಾಲಿನಲ್ಲಿರಬೇಕು ಅನ್ನುವುದು ಇದಕ್ಕೇ.

---

ಹಳೇ_990

ಒತ್ತಡದ ನಿಯಮ ಇಲ್ಲದ ಕಾಲದಲ್ಲೂ ಕೊನೆಯ ರೇಸ್ ಹೀಗೇ ಕೈಕೊಟ್ಟಿದೆ. 2006ರ ಅಕ್ಟೋಬರ್ 29, ವೆಲೆನ್ಸಿಯಾ, 990 ಸಿಸಿ ಬೈಕ್‌ಗಳ ಕೊನೆಯ ರೇಸ್. ವ್ಯಾಲೆಂಟಿನೊ ರೋಸ್ಸಿ 244, ನಿಕಿ ಹೇಡನ್ 236. ಅದಕ್ಕೆ ಮುಂಚಿನ ಎಸ್ಟೊರಿಲ್ ರೇಸ್‌ನಲ್ಲಿ ಹೇಡನ್‌ನನ್ನು ಅವನದೇ ತಂಡದ ಡಾನಿ ಪೆಡ್ರೋಸಾ ಬೀಳಿಸಿದ್ದ. ಅದೇ ರೇಸ್‌ನಲ್ಲಿ ಟೋನಿ ಎಲಿಯಾಸ್ ರೋಸ್ಸಿಯನ್ನು 0.002 ಸೆಕೆಂಡ್‌ನಿಂದ ಸೋಲಿಸಿದ.

ವೆಲೆನ್ಸಿಯಾದಲ್ಲಿ ರೋಸ್ಸಿಗೆ ಪೋಲ್, ಅಂದರೆ ಗ್ರಿಡ್‌ನ ಮೊದಲ ಜಾಗ. ಶುರು ಕೆಟ್ಟಿತು, ಹಿಂದೆ ಬಿದ್ದ, ಐದನೇ ಸುತ್ತಿನಲ್ಲಿ ಎರಡನೇ ತಿರುವಿನಲ್ಲಿ ಜಾರಿ ಬಿದ್ದ. ಎದ್ದು ಹತ್ತಿ ಹದಿಮೂರನೆಯವನಾಗಿ ಮುಗಿಸಿ 3 ಅಂಕ ತಂದ. ಟ್ರಾಯ್ ಬೇಲಿಸ್ ಗೆದ್ದ, ಲೊರಿಸ್ ಕಪಿರೋಸಿ ಎರಡನೇ, ಹೇಡನ್ ಮೂರನೇ. 252 ಮತ್ತು 247. ಹೇಡನ್ ಮೂರನೆಯವನಾದರೂ ರೋಸ್ಸಿಗೆ ಎಂಟನೇ ಸ್ಥಾನ ಸಾಕಿತ್ತು. 8 ಅಂಕ ಬಂದು 252 ಸಮ, ಗೆಲುವುಗಳಲ್ಲಿ ರೋಸ್ಸಿ 5, ಹೇಡನ್ 2.

ನನ್ನ ಅಭಿಪ್ರಾಯದಲ್ಲಿ ಆ ರೇಸ್ ಕಲಿಸುವುದು ಶುರುವಿನ ಬಗ್ಗೆ. ಪೋಲ್‌ನಿಂದ ಗುಂಪಿನೊಳಗೆ ಬಿದ್ದವನು ಮುಂದಿನವರನ್ನು ಬೇಗ ಹಿಡಿಯಲು ಹೋಗುತ್ತಾನೆ, ಟಯರ್ ಇನ್ನೂ ಪೂರ್ತಿ ಬಿಸಿಯಾಗಿರುವುದಿಲ್ಲ. ಎಂಟನೇ ಸ್ಥಾನ ಸಾಕು ಅನ್ನುವುದು ಕಾಗದದ ಮೇಲಿನ ಮಾತು.

---

ಲೆಕ್ಕದ_ಪಟ್ಟಿ

2013 ಬೇರೆ ತರಹದ ಕೊನೆಯ ರೇಸ್. ಹೋರ್ಹೆ ಲೊರೆಂಜೊ 13 ಅಂಕ ಹಿಂದೆ. ಅವನು ಗೆದ್ದರೂ ಮುಂದಿದ್ದ ಮಾರ್ಕ್ ಮಾರ್ಕೆಜ್‌ಗೆ ನಾಲ್ಕನೇ ಸ್ಥಾನ ಸಾಕು. ಆದ್ದರಿಂದ ಲೊರೆಂಜೊ ಓಡಿಹೋಗಲಿಲ್ಲ. ಮುಂದೆ ನಿಂತು ವೇಗ ಕಡಿಮೆ ಮಾಡಿ ಗುಂಪು ಕಟ್ಟಿದ, ಮಾರ್ಕೆಜ್‌ನ ಮುಂದೆ ಇನ್ನೂ ಮೂವರು ಬರಲಿ ಎಂದು. ಪೆಡ್ರೋಸಾ ಜೊತೆ ತಿರುವು ತಿರುವಿಗೂ ಜಗಳ. ಕೊನೆಗೆ ಲೊರೆಂಜೊ ಗೆದ್ದ, ಮಾರ್ಕೆಜ್ ಮೂರನೇ, 334 ಮತ್ತು 330.

ಬಾನ್ಯಾಯ 2024ರಲ್ಲಿ ಅದನ್ನೇ ಏಕೆ ಮಾಡಲಿಲ್ಲ ಎಂದು ಕೇಳುವವರಿಗೆ: ಮಾರ್ಟಿನ್‌ನ ಮುಂದೆ ಇನ್ನೂ ಮೂವರಲ್ಲ, ಎಂಟು ಜನ ಬರಬೇಕಿತ್ತು.

---

ಹುಬ್ಳಿ_ಎಪೆಕ್ಸ್

ಬಾನ್ಯಾಯ ಮಾಡಿದ್ರ ಚಲೋ ಇರ್ತಿತ್ತು ಅಂತ ನನಗ ಅನಸತದ. ಎಂಟು ಮಂದಿ ಬರ್ಲಿಕ್ಕಿಲ್ಲ, ಖರೆ. ಆದ್ರ ಗುಂಪು ಕಟ್ಟಿದ್ರ ಮಾರ್ಟಿನ್ ಮುಂದಿನ ಟಯರ್ ಬಿಸಿ ಆಗ್ತಿತ್ತು, ತಪ್ಪು ಮಾಡೋ ಅವಕಾಶ ಹೆಚ್ಚಾಗ್ತಿತ್ತು. 2023ರ ವೆಲೆನ್ಸಿಯಾದಾಗ ಹಂಗೇ ಆತಲ್ಲ.

---

ಒತ್ತಡ_ಮಾಪಕ

2023ರ ವೆಲೆನ್ಸಿಯಾ ನಿಜಕ್ಕೂ ಇಲ್ಲಿ ಅತಿ ಮುಖ್ಯ ರೇಸ್. ಭಾನುವಾರ ಅಂತರ 14, ಬಾನ್ಯಾಯ ಮುಂದೆ. ಮಾರ್ಟಿನ್ ಗೆದ್ದರೂ ಬಾನ್ಯಾಯನಿಗೆ ಐದನೇ ಸ್ಥಾನ ಸಾಕಿತ್ತು. ಮೂರನೇ ಸುತ್ತಿನಲ್ಲಿ ಮಾರ್ಟಿನ್ ನೇರ ಹಾದಿಯಲ್ಲಿ ಬಾನ್ಯಾಯನ ಹಿಂದೆ ತೀರ ಹತ್ತಿರ ಬಂದ. ಸ್ಲಿಪ್‌ಸ್ಟ್ರೀಮ್‌ನಲ್ಲಿ, ಅಂದರೆ ಮುಂದಿನ ಬೈಕ್ ಗಾಳಿ ಸೀಳಿದ ಜಾಗದಲ್ಲಿ, ಎರಡು ತೊಂದರೆ ಒಟ್ಟಿಗೆ ಬರುತ್ತವೆ. ನೇರ ಹಾದಿಯ ಕೊನೆಗೆ ವೇಗ ಮಾಮೂಲಿಗಿಂತ ಹೆಚ್ಚಿರುತ್ತದೆ. ಬ್ರೇಕ್ ಹಿಡಿದು ಎದ್ದು ಕೂತಾಗ ಎದೆಗೆ ಬಡಿದು ನಿಧಾನ ಮಾಡಬೇಕಾದ ಗಾಳಿ ಅಲ್ಲಿಲ್ಲ, ರೆಕ್ಕೆಗಳಿಗೂ ಕೆಲಸವಿಲ್ಲ. ಬಾನ್ಯಾಯನ ಹಿಂದಿನ ಗಾಲಿಗೆ ತಾಗುವಷ್ಟು ಹತ್ತಿರ ಹೋಗಿ ಮಾರ್ಟಿನ್ ಹೊರಕ್ಕೆ ಜಾರಿ ಹಲವು ಸ್ಥಾನ ಕಳೆದುಕೊಂಡ. ಗುಂಪಿನಿಂದ ಮೇಲೆ ಬರುವಾಗ ಆರನೇ ಸುತ್ತಿನಲ್ಲಿ ನಾಲ್ಕನೇ ತಿರುವಿನಲ್ಲಿ ಮಾರ್ಕೆಜ್ ಜೊತೆ ಡಿಕ್ಕಿ. ಇಬ್ಬರೂ ಹೊರಗೆ. ಬಾನ್ಯಾಯ ರೇಸನ್ನೂ ಗೆದ್ದ, 467 ಮತ್ತು 428.

ಒಂದು ವರ್ಷದ ನಂತರ ಬಾರ್ಸಿಲೋನಾದಲ್ಲಿ ಅದೇ ಮಾರ್ಟಿನ್ ಮಾರ್ಕೆಜ್‌ನ ಹಿಂದೆ ಮೂರನೆಯವನಾಗಿ, ಆದರೆ ಅಂಟಿಕೊಳ್ಳದೆ ಓಡಿಸಿದ. ಮುಂದಿನವನ ಬಿಸಿ ಗಾಳಿ ಪೂರ್ತಿ ತಾಗದಷ್ಟು ದೂರ, ಆದರೆ ಹಿಂದಿನವರು ಹತ್ತಿರ ಬರದಷ್ಟು ವೇಗ. ಆ ದೂರ ಹಿಡಿದಿಟ್ಟುಕೊಂಡರೆ ಒತ್ತಡ ಮಿತಿಯ ಮೇಲೆಯೇ ಇರುತ್ತದೆ, ಬ್ರೇಕ್ ಕೆಡುವಷ್ಟು ಏರುವುದೂ ಇಲ್ಲ. ಇದನ್ನು ಹೆದರಿಕೆ ಅಂತ ಕರೆಯುವುದು ಅನ್ಯಾಯ. ಶನಿವಾರ ಕೊನೆಯಲ್ಲಿ ಎನೆಯಾ ಬಾಸ್ಟಿಯಾನಿನಿ ದಾಟಿ ಎರಡನೆಯವನಾದಾಗ ಮಾರ್ಟಿನ್ ಮೇಲೆ ಬೀಳದೆ 2 ಅಂಕ ಬಿಟ್ಟುಕೊಟ್ಟದ್ದೂ ಇದೇ ತಿಳಿವಳಿಕೆ.

ಹುಬ್ಳಿ_ಎಪೆಕ್ಸ್ ಹೇಳಿದ ಗುಂಪು ಕಟ್ಟುವ ಉಪಾಯಕ್ಕೆ ಒಂದು ಅಡ್ಡಿ ಇದೆ. ಮುಂದಿರುವವನು ನಿಧಾನ ಮಾಡಿದರೆ ಬ್ರೇಕಿಂಗ್ ಶಕ್ತಿ ಕಡಿಮೆ, ಅವನ ಸ್ವಂತ ಮುಂದಿನ ಟಯರ್ ತಣ್ಣಗಾಗುತ್ತದೆ. ನವೆಂಬರ್‌ನಲ್ಲಿ, ಮುಕ್ತ ಗಾಳಿಯಲ್ಲಿ, ಎಡ ಭುಜ ತಣ್ಣಗಿರುವ ಟ್ರ್ಯಾಕ್‌ನಲ್ಲಿ. ಐದನೇ ತಿರುವಿನಲ್ಲಿ ಮೊದಲು ಬೀಳುವವನು ಬಾನ್ಯಾಯನೇ ಆಗಿರುತ್ತಿದ್ದ, ಇಲ್ಲವೇ 1.80ರ ಕೆಳಗೆ ಹೋಗಿ 16 ಸೆಕೆಂಡ್. 2013ರಲ್ಲಿ ಲೊರೆಂಜೊಗೆ ಆ ನಿಯಮ ಇರಲಿಲ್ಲ, ಟಯರ್ ಕೂಡ ಬ್ರಿಜ್‌ಸ್ಟೋನ್.

---

ಹುಬ್ಳಿ_ಎಪೆಕ್ಸ್

ಇದು ಒಪ್ಪಿದೆ. ನಿಧಾನ ಮಾಡಿದ್ರ ತನ್ನ ಟಯರೇ ತಣ್ಣಗ ಆಗತದ ಅನ್ನೋದು ಸರಿ.

---

ಡ್ಯಾಶ್_ಸಂದೇಶ

ತಂಡದ ಆದೇಶಗಳ ಬಗ್ಗೆ ಯಾರೂ ಮಾತಾಡಿಲ್ಲ. 2017ರ ವೆಲೆನ್ಸಿಯಾಗೆ ಮಾರ್ಕೆಜ್ 21 ಅಂಕ ಮುಂದೆ ಬಂದ. ಡುಕಾಟಿಯ ಆಂದ್ರೆಯಾ ಡೋವಿಜಿಯೋಸೊ ಗೆಲ್ಲಲೇಬೇಕಿತ್ತು. ಅವನ ಮುಂದೆ ಅದೇ ತಂಡದ ಲೊರೆಂಜೊ. ಲೊರೆಂಜೊನ ಡ್ಯಾಶ್‌ಬೋರ್ಡ್‌ಗೆ 'ಮ್ಯಾಪಿಂಗ್ 8' ಸಲಹೆಯ ಸಂದೇಶ ಬಂತು, ದಾರಿ ಬಿಡು ಅನ್ನುವ ಸಂಕೇತ. ಅವನು ಬಿಡಲಿಲ್ಲ. ತಾನು ಮುಂದೆ ಎಳೆಯುತ್ತಿದ್ದುದರಿಂದಲೇ ಡೋವಿಜಿಯೋಸೊಗೆ ಅಷ್ಟು ವೇಗ ಬಂತು ಅನ್ನುವುದು ಅವನ ಸಮರ್ಥನೆ. ರೇಸ್‌ನ ಕೊನೆಯ ಭಾಗದಲ್ಲಿ ಇಬ್ಬರೂ ಒಂದೇ ಸುತ್ತಿನಲ್ಲಿ ಬಿದ್ದರು. ಪೆಡ್ರೋಸಾ ಗೆದ್ದ, ಜೊಹಾನ್ ಜಾರ್ಕೊ ಎರಡನೇ, ಮಾರ್ಕೆಜ್ ಮೂರನೇ, 298 ಮತ್ತು 261. ಮಾರ್ಕೆಜ್ ಕೂಡ ಒಂದನೇ ತಿರುವಿನಲ್ಲಿ ಮುಂದಿನ ಗಾಲಿ ಪೂರ್ತಿ ಜಾರಿದ ಮೇಲೂ ಮೊಣಕಾಲು ಮೊಣಕೈ ಊರಿ ಎತ್ತಿಕೊಂಡ ರೇಸ್ ಅದು.

ರೇಸ್ ಮಧ್ಯೆ ಮಾತಾಡಲು ರೇಡಿಯೊ ಇಲ್ಲದ ಕ್ರೀಡೆಯಲ್ಲಿ ಸಂದೇಶಕ್ಕೆ ಇರುವುದು ಎರಡೇ ದಾರಿ, ಪಿಟ್ ಬೋರ್ಡ್ ಮತ್ತು ಆ ಪುಟ್ಟ ಪರದೆ. 300 ಕಿ.ಮೀ. ವೇಗದಲ್ಲಿ ಓದಲು ಅರ್ಧ ಸೆಕೆಂಡ್. 2024ರಲ್ಲಿ ಮಾರ್ಟಿನ್, ಬಾನ್ಯಾಯ ಇಬ್ಬರೂ ಡುಕಾಟಿ ಜಿಪಿ24 ಮೇಲೆಯೇ ಇದ್ದರು, ಒಬ್ಬ ಪ್ರಮ್ಯಾಕ್ ತಂಡ, ಇನ್ನೊಬ್ಬ ಕಾರ್ಖಾನೆ ತಂಡ. ಮಾರ್ಟಿನ್ ಮುಂದಿನ ವರ್ಷ ಎಪ್ರಿಲಿಯಾಗೆ, ಪ್ರಮ್ಯಾಕ್ ಯಮಾಹಾಗೆ ಹೋಗುವುದು ಮೊದಲೇ ತೀರ್ಮಾನವಾಗಿತ್ತು. ಹಾಗಿದ್ದೂ ಕೊನೆಯ ರೇಸ್‌ವರೆಗೆ ಅದೇ ಬೈಕ್ ಕೊಟ್ಟದ್ದು ಡುಕಾಟಿಯ ದೊಡ್ಡ ಗುಣ. 2002ರಿಂದ ಶುರುವಾದ ಮೋಟೋಜಿಪಿ ಯುಗದಲ್ಲಿ ಕಾರ್ಖಾನೆಯದಲ್ಲದ ಸ್ವತಂತ್ರ ತಂಡದ ರೈಡರ್ ಪಟ್ಟ ಗೆದ್ದದ್ದು ಅದೇ ಮೊದಲು.

---

ಟ್ರ್ಯಾಕ್_ಡೇ

ಒಂದು ಪ್ರಾಯೋಗಿಕ ಪ್ರಶ್ನೆ. ಬೆಂಗಳೂರಿನಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಹೋಗುವವರು ಈ 1.80 ಬಾರ್ ಅಂಕಿಯನ್ನು ಹಾಗೇ ತೆಗೆದುಕೊಳ್ಳಬಹುದೇ? ಪಿಎಸ್‌ಐ ಲೆಕ್ಕದಲ್ಲಿ ಸುಮಾರು 26 ಆಗುತ್ತದೆ.

---

ಒತ್ತಡ_ಮಾಪಕ

ಬೇಡ. 1.80 ಬಾರ್, ಅಂದರೆ 26.1 ಪಿಎಸ್‌ಐ, ಓಡುತ್ತಿರುವಾಗಿನ ಬಿಸಿ ಒತ್ತಡ. ಅದೂ ಮಿಶೆಲಿನ್‌ನ ಸ್ಲಿಕ್ (ಗೆರೆಗಳಿಲ್ಲದ) ಟಯರ್‌ಗೆ, ಕಾರ್ಬನ್ ಬ್ರೇಕ್ ಇರುವ ಬೈಕ್‌ಗೆ. ರಸ್ತೆ ಬೈಕ್‌ನ ಸ್ವಿಂಗ್‌ಆರ್ಮ್ ಮೇಲೆ ಅಂಟಿಸಿದ ಚೀಟಿಯಲ್ಲಿರುವುದು ತಣ್ಣನೆಯ ಒತ್ತಡ. ಎರಡನ್ನೂ ಬೆರೆಸಬಾರದು.

ಟ್ರ್ಯಾಕ್‌ನಲ್ಲಿ ಮಾಡಬೇಕಾದ ಕ್ರಮ ಹೀಗೆ. ನಿಮ್ಮ ಟಯರ್ ತಯಾರಕರು ಟ್ರ್ಯಾಕ್ ಬಳಕೆಗೆ ಕೊಟ್ಟ ತಣ್ಣನೆಯ ಅಂಕಿ ಹುಡುಕಿ, ಬೆಳಿಗ್ಗೆ ನೆರಳಿನಲ್ಲಿ ಅಷ್ಟು ತುಂಬಿ. ಮೊದಲ ಸೆಷನ್ ಮುಗಿಸಿ ಒಳಬಂದ ತಕ್ಷಣ, ಬೈಕ್ ನಿಂತು ಒಂದು ನಿಮಿಷದೊಳಗೆ ಅಳೆಯಿರಿ. ತಡಮಾಡಿದರೆ ಅಂಕಿ ಇಳಿದಿರುತ್ತದೆ. ಬಿಸಿ ಒತ್ತಡ ತಯಾರಕರು ಹೇಳಿದ್ದಕ್ಕಿಂತ ಹೆಚ್ಚಿದ್ದರೆ ಆಗಲೇ ಗಾಳಿ ಬಿಡಿ. ಮಧ್ಯಾಹ್ನ ರಸ್ತೆಯ ತಾಪ ಏರಿದಾಗ ಮತ್ತೆ ಅಳೆಯಿರಿ. ಪ್ರತಿ ಸಲವೂ ಅದೇ ಮಾಪಕ ಬಳಸಿ, ಎರಡು ಮಾಪಕಗಳ ನಡುವೆ 1 ಪಿಎಸ್‌ಐ ವ್ಯತ್ಯಾಸ ಇರುವುದು ಸಾಮಾನ್ಯ. ಸಂಜೆ ಮನೆಗೆ ಹೊರಡುವ ಮುನ್ನ ರಸ್ತೆಯ ಅಂಕಿಗೆ ಮತ್ತೆ ತುಂಬುವುದನ್ನು ಮರೆಯಬೇಡಿ. ಬಿಸಿಯಲ್ಲಿ ಬಿಟ್ಟ ಗಾಳಿಯಿಂದ ತಣ್ಣಗಾದ ಮೇಲೆ ಟಯರ್ ಅಪಾಯಕಾರಿಯಾಗಿ ಮೆತ್ತಗಿರುತ್ತದೆ. ಹೆದ್ದಾರಿಯಲ್ಲಿ ಹೊಂಡಕ್ಕೆ ಬಿದ್ದರೆ ರಿಮ್ ಬಾಗುತ್ತದೆ.

---

ಎಡ_ಭುಜ

ಮೊದಲ ಎರಡು ಸುತ್ತು ಆ ಟ್ರ್ಯಾಕ್‌ನ ಎಡ ತಿರುವುಗಳಲ್ಲಿ ಸಂಯಮ ಇರಲಿ ಅನ್ನುವುದನ್ನೂ ಸೇರಿಸಿ. ಪ್ರದಕ್ಷಿಣ ದಿಕ್ಕಿನ ಟ್ರ್ಯಾಕ್ ಆದ್ದರಿಂದ ಬಲ ಭುಜ ಬೇಗ ಬಿಸಿಯಾಗುತ್ತದೆ. ಬಲ ತಿರುವಿನಲ್ಲಿ ಸಿಕ್ಕ ಹಿಡಿತವನ್ನು ನಂಬಿ ಎಡ ತಿರುವಿನಲ್ಲೂ ಅಷ್ಟೇ ವಾಲಿಸಿದಾಗಲೇ ಬೀಳುವುದು.

---

ಮೂರನೇ_ಗೇರ್

ಹೊಸದಾಗಿ ನೋಡಲು ಶುರುಮಾಡುವವರಿಗೆ: ಕೊನೆಯ ರೇಸ್ ಯುರೋಪಿನ ಚಳಿಗಾಲದ ಗಡಿಯಾರದಲ್ಲಿ ಮಧ್ಯಾಹ್ನ 2ಕ್ಕೆ ಶುರುವಾದರೆ ನಮಗೆ ಸಂಜೆ 6.30, ಬೇಸಿಗೆಯ ರೇಸ್‌ಗಳಂತೆ 5.30 ಅಲ್ಲ. ಗ್ರಿಡ್ ದೃಶ್ಯಗಳನ್ನು ತಪ್ಪಿಸಬೇಡಿ. ಯಾರು ಮುಂದೆ ಯಾವ ಕಾಂಪೌಂಡ್ (ಟಯರ್‌ನ ರಬ್ಬರ್ ಮಿಶ್ರಣ), ಹಿಂದೆ ಯಾವ ಕಾಂಪೌಂಡ್ ಹಾಕಿದ್ದಾರೆ ಎಂದು ಪರದೆಯ ಮೇಲೆ ತೋರಿಸುತ್ತಾರೆ, ಬರೆದಿಟ್ಟುಕೊಳ್ಳಿ. ಪಟ್ಟಕ್ಕೆ ಹೋರಾಡುವ ಇಬ್ಬರೂ ಒಂದೇ ಟಯರ್ ಹಾಕಿದ್ದರೆ ಹಿಂದಿರುವವನಿಗೆ ದಾಟುವ ದಾರಿ ಕಡಿಮೆ. ಗೆರೆ ದಾಟಿದ ಮೇಲೂ ಟಿವಿ ಆರಿಸಬೇಡಿ, ಒತ್ತಡದ ತನಿಖೆಯ ಸೂಚನೆ ಬಂದರೆ ಫಲಿತಾಂಶ ಬದಲಾಗಬಹುದು.

ಮಂಗಳವಾರದ ಟೆಸ್ಟ್ ಕೂಡ ನೋಡಿ. 2024ರಲ್ಲಿ ರೇಸ್ ಮುಗಿದ ಎರಡೇ ದಿನಕ್ಕೆ, ನವೆಂಬರ್ 19ರಂದು, ಅದೇ ಟ್ರ್ಯಾಕ್‌ನಲ್ಲಿ ಮಾರ್ಟಿನ್ ಎಪ್ರಿಲಿಯಾ ಹತ್ತಿದ. ಅದೇ ಡಾಂಬರು, ಹೆಚ್ಚುಕಡಿಮೆ ಅದೇ ತಾಪ. ಭಾನುವಾರದ ಸುತ್ತಿನ ಸಮಯಗಳ ಪಕ್ಕದಲ್ಲಿ ಮಂಗಳವಾರದ್ದನ್ನು ಇಟ್ಟು ನೋಡಿದರೆ ಯಾವ ಬೈಕ್ ಎಲ್ಲಿ ಹಿಂದಿದೆ ಅನ್ನುವುದು ವಲಯ ವಲಯವಾಗಿ ತಿಳಿಯುತ್ತದೆ. ಬಾರ್ಸಿಲೋನಾದಲ್ಲಿ ಮೂರನೇ ತಿರುವು ಇರುವ ವಲಯವನ್ನು ಮೊದಲು ನೋಡಿ, ಉದ್ದನೆಯ ತಿರುವಿನಲ್ಲಿ ಹಿಂದಿನ ಟಯರ್ ಎಷ್ಟು ಜಾರುತ್ತದೆ ಅನ್ನುವುದು ಅಲ್ಲೇ ಕಾಣುವುದು.